ಅಮಲ್ದಾರಮ್ಮ ಒಳಗಿದ್ದಾರೆ

ಬಸ್ಸುಗಳು ತಿರುಗುವ ಮೂಲೆಯಲ್ಲಿ, ಔಷಧಿ ಅಂಗಡಿಯ ಮೆಟ್ಟಿಲಿಗೆ ಒತ್ತಿಕೊಂಡು ಒಂದು ತಗಡಿನ ಗೂಡಂಗಡಿ. ಒಳಗೆ ಒಬ್ಬ ಆಳು ಕೂತರೆ ಮುಗಿಯಿತು. ಕೈ ಚಾಚಿದರೆ ಗೋಡೆ, ಕಾಲು ಚಾಚಿದರೆ ರಸ್ತೆ. ಗೋಡೆಯ ತುಂಬ ಮೊಳೆ, ಮೊಳೆಗಳ ತುಂಬ ಇನ್ನೂ ಹಲ್ಲು ಮೂಡದ ಬೀಗದ ಕೈಗಳು. ಅಲ್ಲಿ ಕೂತು ಬೆಳಗಿನಿಂದ ಅರ ಹಿಡಿದು ಉಜ್ಜುವವನನ್ನು ಬೀದಿಯವರೆಲ್ಲ ಬೀಗದಣ್ಣ ಎನ್ನುತ್ತಿದ್ದರು. ಕೈಯಲ್ಲಿ ಬೀಗ ಹಿಡಿದದ್ದಷ್ಟೇ ಅಲ್ಲ, ಬಾಯಿಗೂ ಬೀಗ ಹಾಕಿಕೊಂಡವನು ಎಂಬ ತಮಾಷೆಯೂ ಆ ಹೆಸರಿನೊಳಗೆ ಸದ್ದಿಲ್ಲದೆ ಸೇರಿಕೊಂಡಿತ್ತು.

ಮಾತು ಅವನಿಗೆ ಬಾರದೆಂದೇನಲ್ಲ. ಕೆಲಸ ಕಲಿಸಿದ ಸೋದರಮಾವ ಮೊದಲ ದಿನವೇ ತುಕ್ಕು ಹಿಡಿದ ಬೀಗವೊಂದನ್ನು ಅವನ ಕೈಗಿಟ್ಟು, "ಇದು ಒಳಗೊಳಗೇ ಏನೋ ಹೇಳ್ತಿರುತ್ತೆ ಕಣೋ. ನೀನು ವಟವಟ ಅಂತಿದ್ರೆ ನಿಂಗೆ ಕೇಳ್ಸೋದು ಹೇಗೆ?" ಎಂದಿದ್ದರು. ಆವತ್ತಿನಿಂದ ಅವನು ಬೀಗಗಳಿಗೆ ಕಿವಿ ಕೊಟ್ಟ, ಮನುಷ್ಯರಿಗೆ "ಹ್ಞೂಂ" ಕೊಟ್ಟ. ಗಿರಾಕಿಗಳು ಬಂದು, ಕೀಲಿ ಬಸ್ಸಿನಲ್ಲಿ ಬಿತ್ತೋ, ನಾದಿನಿಯ ಮನೆಯಲ್ಲೇ ಬಿಟ್ಟುಬಂದೆನೋ ಎಂದು ಊರೆಲ್ಲ ಸುತ್ತಿಸಿ ಕತೆ ಹೇಳುತ್ತಿದ್ದರು. ಅವನು ಹ್ಞೂಂಗುಡುತ್ತ ಚೀಲ ಹೆಗಲಿಗೇರಿಸುತ್ತಿದ್ದ. ಹೊರಡುವ ಮುಂಚೆ ಕೇಳುತ್ತಿದ್ದುದು ಒಂದೇ ಮಾತು: "ಮನೆ ನಿಮ್ದೇ ತಾನೆ?" ಅದನ್ನು ಮಾತ್ರ ಎಂಥವರನ್ನೂ ಕೇಳದೆ ಬಿಡುತ್ತಿರಲಿಲ್ಲ.

ಮದುವೆಯಾದದ್ದೂ ಹೀಗೆಯೇ. ಬೇಕರಿಯೊಂದರ ಉಗ್ರಾಣದ ಬೀಗ ಕೆಟ್ಟು ಕೂತಿತ್ತು. ಅದನ್ನು ತೆಗೆಯಲು ಹೋದಾಗ ಅಲ್ಲಿ ಕೆಲಸಕ್ಕಿದ್ದ ಹುಡುಗಿ ಬ್ರೆಡ್ಡಿನ ಹಿಟ್ಟು ಹುಳಿಯುವುದರಿಂದ ಹಿಡಿದು ತನ್ನ ಚಿಕ್ಕಮ್ಮನ ಮಂಡಿನೋವಿನವರೆಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಇವನು ಹ್ಞೂಂ, ಹ್ಞೂಂ ಎನ್ನುತ್ತಲೇ ಇದ್ದ. ತನ್ನ ಮಾತನ್ನು ಇಷ್ಟು ಹೊತ್ತು ನಡುವೆ ಬಾಯಿ ಹಾಕದೆ ಕೇಳಿದ ಗಂಡಸು ಇನ್ನೊಬ್ಬ ಸಿಗಲಾರ ಎಂದು ಅವಳಿಗೆ ಅನ್ನಿಸಿತು. "ಮದುವೆ ಆಗ್ತೀರಾ ಅಂತ ನಾನೇ ಕೇಳಿದ್ದು. ಅದಕ್ಕೂ ಹ್ಞೂಂ ಅಂದ್ರು. ಕೇಳಿಸ್ಕೊಂಡು ಅಂದ್ರೋ ಅಭ್ಯಾಸಬಲದಿಂದ ಅಂದ್ರೋ, ಇವತ್ತಿಗೂ ಗೊತ್ತಿಲ್ಲ ನಂಗೆ" ಎಂದು ಅವಳು ಎಲ್ಲರೆದುರಿಗೂ ಹೇಳಿ ನಗುತ್ತಿದ್ದಳು.

ಇಂಥ ಮನೆಯಲ್ಲಿ ಹುಟ್ಟಿದ ಮಗಳು ಯಾರನ್ನು ಹೋಲಬೇಕು? ಅವಳು ಯಾರನ್ನೂ ಹೋಲಲಿಲ್ಲ. ಅಂಬೆಗಾಲಿಡಲು ಕಲಿತ ದಿನದಿಂದ ಮನೆಯ ತಪಾಸಣೆಗೆ ಇಳಿದಳು. ಹಾಸಿಗೆಯ ಕೆಳಗೇನಿದೆ, ಟಾರ್ಚಿನ ಹೊಟ್ಟೆಯಲ್ಲೇನಿದೆ, ಅಪ್ಪ ಮಲಗಿದಾಗ ಅವನ ಮೂಗಿನ ಹೊಳ್ಳೆಯಲ್ಲೇನಿದೆ, ಎಲ್ಲವನ್ನೂ ಬೆರಳು ಹಾಕಿ ನೋಡಬೇಕು. ಕೈ ಹಿಂದೆ ಕಟ್ಟಿಕೊಂಡು ಅಡುಗೆಮನೆಗೆ ಬಂದು ಡಬ್ಬಗಳ ಮುಂದೆ ನಿಂತಳೆಂದರೆ ಥೇಟ್ ಕಚೇರಿ ತಪಾಸಣೆಗೆ ಬಂದ ಮೇಲಧಿಕಾರಿ. ಅಜ್ಜಿ, ಎಂದರೆ ಬೀಗದಣ್ಣನ ಅಮ್ಮ, ಅವಳಿಗೆ ಅಮಲ್ದಾರಮ್ಮ ಎಂದೇ ಹೆಸರಿಟ್ಟುಬಿಟ್ಟಳು. "ಬನ್ನಿ ಅಮಲ್ದಾರಮ್ಮ, ಹಾಲು ಕುಡಿಯೋ ಕೃಪೆ ಮಾಡ್ಬೇಕು."

ಮಾತು ಬಂದ ಮೇಲಂತೂ ಕೇಳುವುದೇ ಬೇಡ. ಮೂರು ತುಂಬುವ ಮೊದಲೇ "ಯಾಕೆ" ಎಂಬ ಒಂದು ಪದದಿಂದ ಇಡೀ ಮನೆಯನ್ನು ಆಳುತ್ತಿದ್ದಳು. ಅಮ್ಮ ಅವಳ ಪ್ರಶ್ನೆಗೆ ಪ್ರಶ್ನೆಗಿಂತ ಉದ್ದದ ಉತ್ತರ ಕೊಡುತ್ತಿದ್ದಳು. ಅಜ್ಜಿ ಹುಸಿಮುನಿಸಿನಿಂದ ಗದರುತ್ತಿದ್ದಳು. ಅಪ್ಪ ಮಾತ್ರ ಗಿರಾಕಿಗೆ ಕೊಟ್ಟದ್ದನ್ನೇ ಕೊಡುತ್ತಿದ್ದ. ಆ ವಾರವೆಲ್ಲ ಅವಳಿಗೆ ಹಿಡಿದಿದ್ದ ಹುಚ್ಚು ಬಚ್ಚಲ ನೀರಿನದು.

"ಅಪ್ಪ, ನೀರು ಆ ತೂತಲ್ಲಿ ಎಲ್ಲಿಗೆ ಹೋಗುತ್ತೆ?"

"ಆಚೆ ಹೋಗುತ್ತೆ."

"ಆಚೆ ಎಲ್ಲಿ?"

"ಹ್ಞೂಂ."

ಹ್ಞೂಂ ಎಂಬುದು ಯಾವ ಊರೋ ಏನೋ, ಅವಳಿಗೆ ಸಮಾಧಾನವಾಗಲಿಲ್ಲ.

ಅಂಗಡಿಗೆ ರಜೆಯಿದ್ದ ದಿನ ಅದು. ಹೆಂಡತಿ ಎಂದಿನಂತೆ ಬೆಳಗ್ಗೆಯೇ ಬೇಕರಿಗೆ ಹೊರಟುಹೋಗಿದ್ದಳು. ಬೀಗದಣ್ಣ ಕಿಟಕಿಯ ಬಳಿ ಕೂತು ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು ಇನ್ನೊಂದಕ್ಕಾಗಿ ತಡಕಾಡುತ್ತಿದ್ದಾಗ ಒಳಗಿನಿಂದ ಅಜ್ಜಿಯ ದನಿ ಕೇಳಿತು.

"ಲೋ, ಇಲ್ಲಿ ಬಾರೋ! ನಿನ್ನ ಮಗಳು ಬಚ್ಚಲುಮನೆ ಚಿಲಕ ಹಾಕ್ಕೊಂಡಿದಾಳೆ!"

ಅಜ್ಜಿಗೆ ಭುಜದ ನೋವು, ಕೈ ಮೇಲೆತ್ತಲಾಗದು. ಅದಕ್ಕೆಂದೇ ಪಕ್ಕದ ಮನೆಯ ಬಡಗಿ ಆ ಬಾಗಿಲಿನ ಚಿಲಕವನ್ನು ಕೆಳಗೆ, ಕೈ ಇಳಿಬಿಟ್ಟರೆ ಸಿಗುವಲ್ಲಿ ಜಡಿದಿದ್ದ. ಅದು ಇನ್ನೊಬ್ಬರ ಕೈಗೂ ಎಟುಕುತ್ತದೆಂದು ಯಾರೂ ಯೋಚಿಸಿರಲಿಲ್ಲ.

"ಪುಟ್ಟಾ, ಬಾಗಿಲು ತೆಗಿ" ಎಂದ ಬೀಗದಣ್ಣ.

"ನಂಗೆ ಕೆಲ್ಸ ಇದೆ" ಎಂದಳು ಒಳಗಿನಿಂದ ಅಮಲ್ದಾರಮ್ಮ.

ಬೀಗದಣ್ಣ ಬಾಗಿಲನ್ನು ಮೇಲಿನಿಂದ ಕೆಳಗೆ ನೋಡಿದ. ಬೀಗದ ತೂತಿಲ್ಲ, ತಿರುಗಿಸುವ ಹಿಡಿಕೆಯಿಲ್ಲ, ಒಳಗೊಂದು ಚಿಲಕ, ಅಷ್ಟೆ. ಊರಿನ ಅರ್ಧ ಬಾಗಿಲುಗಳನ್ನು ತೆಗೆದ ಕೈಗೆ ಹಿಡಿಯಲು ಏನೂ ಸಿಗಲಿಲ್ಲ. ತೆಳ್ಳನೆಯ ಉಕ್ಕಿನ ಪಟ್ಟಿ ತಂದು ಚೌಕಟ್ಟಿನ ಸಂದಿಯಲ್ಲಿ ತೂರಿಸಲು ನೋಡಿದ. ಅದು ಹೋಗಲೊಲ್ಲದು. ಅಷ್ಟರಲ್ಲಿ ಗಲಾಟೆ ಕೇಳಿ ಬಡಗಿಯೇ ಬಂದ.

"ಆ ಸಂದೀಲಿ ಕೂದಲೂ ತೂರಲ್ಲ ಬೀಗದಣ್ಣ. ಹಾಗೆ ಕೂರಿಸಿದೀನಿ ನಾನು" ಎಂದ ಹೆಮ್ಮೆಯಿಂದ. ಅಜ್ಜಿ ಅವನನ್ನು ದುರುಗುಟ್ಟಿ ನೋಡಿದ ಮೇಲೆ, ಇದು ಹೆಮ್ಮೆಪಡುವ ಹೊತ್ತಲ್ಲವೆಂದು ಅವನಿಗೆ ಹೊಳೆಯಿತು.

ಅಜ್ಜಿ ತನ್ನ ಉಪಾಯ ಹೂಡಿದಳು. "ಚಿನ್ನಾ, ಬಿಸ್ಕತ್ತು ಕೊಡ್ತೀನಿ, ಬಾ ಆಚೆ."

ಒಳಗೆ ಸ್ವಲ್ಪ ಹೊತ್ತು ಯೋಚನೆ ನಡೆಯಿತು. ಆಮೇಲೆ ಬಾಗಿಲ ಕೆಳಗಿನ ಸಂದಿಯಿಂದ ನಾಲ್ಕು ಪುಟ್ಟ ಬೆರಳುಗಳು ಹೊರಬಂದವು. "ಕೊಡು."

ಅಜ್ಜಿಗೆ ಮನಸ್ಸು ತಡೆಯಲಿಲ್ಲ, ಕೊಟ್ಟೇಬಿಟ್ಟಳು. ಬಿಸ್ಕತ್ತು ಒಳಗೆ ಹೋಯಿತು, ಬೆರಳುಗಳೂ ಒಳಗೆ ಹೋದವು. ಬಾಗಿಲು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಅಮ್ಮಾ, ಕೊಡೋದ್ಯಾಕೆ ನೀನು?"

"ಮಗು ಕೈ ಚಾಚಿದ್ರೆ ಕೊಡದೆ ಇರ್ಲಾ?"

ಅದೇ ಸಂದಿಯಿಂದ ಈಗ ನೀರು ಬರತೊಡಗಿತು. ಮೊದಲು ನಾಲಿಗೆಯಷ್ಟು, ಆಮೇಲೆ ಅಂಗೈಯಷ್ಟು, ಆಮೇಲೆ ನಡುಮನೆಯ ಚಾಪೆಯ ಅಂಚಿಗೆ. ಬೀಗದಣ್ಣ ಚಾಪೆಯನ್ನು ಎಳೆದು ಪಕ್ಕಕ್ಕೆ ಹಾಕಿದ. ನಲ್ಲಿ ಬಿಟ್ಟಿದ್ದಾಳೆ, ತೂತು ಕಟ್ಟಿಕೊಂಡಿದೆ, ನೆಲ ಜಾರುತ್ತದೆ. ಬಿದ್ದರೆ?

"ಒದ್ದುಬಿಡ್ಲಾ?" ಎಂದ ಬಡಗಿ, ಅಂಗಿಯ ತೋಳು ಮಡಿಸುತ್ತ. "ನಾನೇ ಮಾಡಿದ ಬಾಗಿಲು, ಒಡೆಯೋಕೆ ಕೈ ಬರಲ್ಲ. ಆದ್ರೂ ಒಂದೇ ಏಟು."

"ಬೇಡ ಬೇಡ! ಮಗು ಬಾಗಿಲ ಹಿಂದೇ ಇದ್ರೆ?" ಎಂದಳು ಅಜ್ಜಿ.

ಏನು ಮಾಡಲೂ ತೋಚದಾಗ ಬೀಗದಣ್ಣ ಯಾವಾಗಲೂ ಮಾಡುತ್ತಿದ್ದುದನ್ನೇ ಮಾಡಿದ. ನೀರಿನಲ್ಲೇ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಕಿವಿಯನ್ನು ಬಾಗಿಲಿಗೆ ಒತ್ತಿದ.

ಒಳಗೆ ನಲ್ಲಿ ಸುರಿಯುತ್ತಿತ್ತು. ಪುಟ್ಟ ಪಾದಗಳು ಪಚಪಚ ಎನ್ನುತ್ತಿದ್ದವು. ಅವಳು ಯಾರೊಂದಿಗೋ ಮಾತಾಡುತ್ತಿದ್ದಳು. "ಹೋಗು. ಹೆದರ್ಕೋಬೇಡ. ಹೋಗಿ ನೋಡ್ಕೊಂಡು ಬಂದು ನಂಗೆ ಹೇಳು, ಆಯ್ತಾ?"

ಬೀಗದಣ್ಣ ತನ್ನ ಬರಿಗಾಲಿನತ್ತ ನೋಡಿಕೊಂಡ. ಇನ್ನೊಂದು ಕಾಲುಚೀಲ ಎಲ್ಲಿಗೆ ಹೋಗಿದೆಯೆಂದು ಈಗ ತಿಳಿಯಿತು. ನೀರು ಹೋಗುವ ಊರನ್ನು ನೋಡಿ ಬರಲು ಅದನ್ನು ದೂತನನ್ನಾಗಿ ಕಳಿಸಿದ್ದಾಳೆ. ಹೆದರಿಲ್ಲ, ಅತ್ತಿಲ್ಲ, ಹೊರಗೆ ಬರುವ ಆಸೆಯೂ ಇಲ್ಲ. ಬೈದರೆ ಬರುವವಳಲ್ಲ, ಗೋಗರೆದರೂ ಬರುವವಳಲ್ಲ. ಕೆಲಸದಲ್ಲಿದ್ದಾಳೆ. ಕೆಲಸದಲ್ಲಿರುವವರ ಹತ್ತಿರ ಹೇಗೆ ಹೋಗಬೇಕೋ ಹಾಗೆಯೇ ಹೋಗಬೇಕು.

ಅವನು ಗಂಟಲು ಸರಿಮಾಡಿಕೊಂಡು ಬಾಗಿಲು ತಟ್ಟಿದ. ಟಕ್ ಟಕ್.

"ಯಾರು?"

"ಗಿರಾಕಿ."

ಪಚಪಚ ನಿಂತಿತು. ಅಂಗಡಿಯಲ್ಲಿ ಅಪ್ಪನ ಪಕ್ಕದ ಡಬ್ಬದ ಮೇಲೆ ಎಷ್ಟೋ ಸಂಜೆ ಕೂತವಳು ಅವಳು. ದನಿ ಗಂಭೀರವಾಯಿತು. "ಏನಾಯ್ತು?"

"ಬಾಗಿಲು ತೆಗೆಯೋಕೆ ಆಗ್ತಿಲ್ಲ. ಕೀಲಿ ಕಳೆದುಹೋಯ್ತು."

"ಹ್ಞೂಂ" ಎಂದಳು ಮಗಳು.

ಬಡಗಿ ಬಾಯಿಗೆ ಕೈ ಅಡ್ಡ ಹಿಡಿದ. ಅಪ್ಪನ ಹ್ಞೂಂಗೂ ಮಗಳ ಹ್ಞೂಂಗೂ ವ್ಯತ್ಯಾಸವೇ ಇರಲಿಲ್ಲ. ಹೇಳಬೇಕಾದದ್ದು ಹೇಳಿಯಾಯಿತೆಂದು ಬೀಗದಣ್ಣ ಅಷ್ಟಕ್ಕೇ ನಿಲ್ಲಿಸಿದ. ಅಜ್ಜಿ ಅವನ ಬೆನ್ನಿಗೆ ತಿವಿದಳು. "ಹೇಳೋ ಮುಂದೆ! ಗಿರಾಕಿಗಳು ಕತೆ ಹೇಳ್ತಾರೆ, ಅಂಗಡಿಯವರಲ್ಲ!"

ಹುಟ್ಟಿದಾಗಿನಿಂದ ಅವನು ಕತೆ ಹೇಳಿರಲಿಲ್ಲ. ಬೆವರು ಒರೆಸಿಕೊಂಡು ಶುರುಮಾಡಿದ. "ಅದೇನಾಯ್ತು ಅಂದ್ರೆ… ಬಸ್ಸಲ್ಲಿ ಬರ್ತಿದ್ದೆ. ಪಕ್ಕದ ಸೀಟಲ್ಲಿ ಒಂದು ನಾಯಿ ಕೂತಿತ್ತು."

"ಟಿಕೆಟ್ ತಗೊಂಡಿತ್ತಾ?"

"ತಗೊಂಡಿತ್ತು. ಕನ್ನಡಕ ಬೇರೆ ಹಾಕ್ಕೊಂಡಿತ್ತು. ನನ್ನ ಕೀಲಿ ನೋಡಿ, 'ಒಂದ್ನಿಮಿಷ ಕೊಡಿ, ಬೆನ್ನು ತುರಿಸ್ಕೋಬೇಕು' ಅಂತು. ಕೊಟ್ಟೆ. ಅದು ತುರಿಸ್ಕೊಳ್ತಾ ತುರಿಸ್ಕೊಳ್ತಾ ತನ್ನ ಸ್ಟಾಪ್ ಬಂತು ಅಂತ ಇಳಿದೇ ಹೋಯ್ತು."

"ಆಮೇಲೆ?"

ಆಮೇಲೆ ಅವನು ನಾಯಿಯ ಹಿಂದೆ ಓಡಿದ, ನಾಯಿ ಕ್ಷೌರದಂಗಡಿಗೆ ನುಗ್ಗಿತು, ಅಲ್ಲಿ ಬಾಲಕ್ಕೆ ಕ್ರಾಪು ಮಾಡಿಸಿಕೊಳ್ಳುವಾಗ ಕೀಲಿಯನ್ನು ಕನ್ನಡಿಯ ಮುಂದೆ ಮರೆತಿತು, ಕಾಗೆಯೊಂದು ಬಂದು ಎತ್ತಿಕೊಂಡಿತು. ಎಲ್ಲಿದ್ದವೋ ಇಷ್ಟು ಮಾತು! ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಅಜ್ಜಿ ನೀರು ಒರೆಸುವುದನ್ನು ಬಿಟ್ಟು ಕಣ್ಣರಳಿಸಿ ನಿಂತಳು. ಬಡಗಿ ಬಾಗಿಲು ಒಡೆಯುವುದನ್ನು ಮರೆತು "ಕಾಗೆ ಎಲ್ಲಿಗೆ ಹೋಯ್ತು?" ಎಂದು ತಾನೇ ಕೇಳಿದ. ಒಳಗಿನಿಂದ ಆಗಾಗ ಹ್ಞೂಂ ಬರುತ್ತಿತ್ತು, ಪ್ರತಿ ಸಲವೂ ಬಾಗಿಲಿಗೆ ಇನ್ನಷ್ಟು ಹತ್ತಿರದಿಂದ.

"ಮನೆ ನಿಮ್ದೇ ತಾನೆ?" ಎಂದಳು ಕೊನೆಗೆ.

"ನಮ್ದೇ ಮೇಡಂ."

"ಹ್ಞೂಂ. ತಡೀರಿ."

ಬಾಚಣಿಗೆಯೇ ಇರಬೇಕು, ಗೋಡೆಗೆ ಉಜ್ಜುವ ಕಿರಕಿರ ಸದ್ದು ಕೇಳಿತು. ಕೀಲಿ ತಯಾರಾಗುತ್ತಿತ್ತು. ಆಮೇಲೆ ಚಿಲಕ ಅಲುಗಿತು, ಅರ್ಧಕ್ಕೆ ಬಂದು ನಿಂತಿತು.

"ಬರ್ತಿಲ್ಲ" ಎಂದಳು. ಆ ದನಿಯಲ್ಲಿ ಮೊದಲ ಸಲ ಅಳುವಿನ ನೆರಳು ಇಣುಕಿತು.

ಬೀಗದಣ್ಣ ಬಾಗಿಲಿಗೆ ಇನ್ನೂ ಹತ್ತಿರ ಬಗ್ಗಿದ. ದನಿ ಮಾತ್ರ ಗಿರಾಕಿಯದೇ ಇತ್ತು. "ಹಳೇ ಚಿಲಕ ಮೇಡಂ, ಹಠ ಜಾಸ್ತಿ. ಮೊದ್ಲು ಒಂಚೂರು ಮೇಲೆತ್ತಿ. ಹಾಂ. ಈಗ ನಿಮ್ಮ ಕಡೆ ಎಳೀರಿ. ಎರಡೂ ಕೈ ಹಾಕಿ."

ಠಕ್ ಎಂದಿತು. ಬಾಗಿಲು ತೆರೆಯಿತು. ನೀರು ಹೊಸ್ತಿಲು ದಾಟಿ ನುಗ್ಗಿತು. ತಲೆಯ ಮೇಲೆ ಚೊಂಬು ಬೋರಲು ಹಾಕಿಕೊಂಡು, ಅಡಿಯಿಂದ ಮುಡಿಯವರೆಗೆ ತೊಯ್ದು ನಿಂತಿದ್ದ ಅಮಲ್ದಾರಮ್ಮ ಎಲ್ಲರನ್ನೂ ಒಮ್ಮೆ ನೋಡಿ, "ಆಯ್ತು. ಮುಂದಿನವ್ರು ಯಾರು?" ಎಂದು ಬಾಗಿಲನ್ನು ಮತ್ತೆ ಮುಚ್ಚಹೋದಳು. ಬಡಗಿ ಸರಕ್ಕನೆ ಕಾಲು ಅಡ್ಡ ಇಟ್ಟ.

ಬೀಗದಣ್ಣ ಮಗಳನ್ನು ಬಾಚಿ ಎತ್ತಿಕೊಂಡ. ಅವಳ ತಲೆಯ ಮೇಲಿನ ಚೊಂಬು ತೆಗೆದು, ಒದ್ದೆ ಕೂದಲಲ್ಲಿ ಮುಖ ಹುದುಗಿಸಿ ಸ್ವಲ್ಪ ಹೊತ್ತು ಹಾಗೆಯೇ ನಿಂತ. "ಅಪ್ಪ, ಬಿಗಿ ಆಗ್ತಿದೆ" ಎಂದು ಅವಳು ಕೊಸರಿದ ಮೇಲೆಯೇ ಬಿಟ್ಟದ್ದು.

ಬಡಗಿ ತಂತಿ ಬಗ್ಗಿಸಿ ಬಚ್ಚಲ ತೂತಿಗೆ ಇಳಿಬಿಟ್ಟ. ಕಾಲುಚೀಲ ಬಂತು. ಅದರ ಹಿಂದೆಯೇ ಒಂದು ಚಮಚ, ಅಜ್ಜಿಯ ಎರಡು ಹೇರ್‌ಪಿನ್ನು, ಸೀಸೆಯ ಮುಚ್ಚಳ, ಹಲ್ಲುಜ್ಜುವ ಬ್ರಷ್ಷು. ಮಗಳು ಅವುಗಳನ್ನು ಬೇಸರದಿಂದ ನೋಡಿದಳು. "ಇವ್ರು ಯಾರೂ ವಾಪಸ್ ಬಂದು ಹೇಳ್ಲೇ ಇಲ್ಲ."

ಆವತ್ತು ಮಧ್ಯಾಹ್ನ ಬೀಗದಣ್ಣ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟ. ಮನೆಯ ಹಿಂದಿನ ಕೊಳವೆ, ಕೊಳವೆಯಿಂದ ಚರಂಡಿ, ಚರಂಡಿಯ ಮೇಲಿನ ಕಲ್ಲುಚಪ್ಪಡಿಗಳು ಎಲ್ಲೆಲ್ಲಿ ಬಾಯಿ ಬಿಟ್ಟಿವೆಯೋ ಅಲ್ಲಲ್ಲಿ ಬಗ್ಗಿ ನೋಡುತ್ತ, ನೀರಿನ ಹಿಂದೆಯೇ ನಡೆದರು. ದಾರಿಯುದ್ದಕ್ಕೂ ಅವಳು ಕೇಳಿದಳು, ಅವನು ಹೇಳಿದ. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ, ನೋಡೋಣ ಬಾ" ಎಂದ. ಊರಾಚೆಯ ದೊಡ್ಡ ಕಾಲುವೆಯ ಸೇತುವೆಯ ಮೇಲೆ ನಿಂತಿದ್ದಾಗ ಕೆಲಸ ಮುಗಿಸಿ ಬರುತ್ತಿದ್ದ ಹೆಂಡತಿ ಸಿಕ್ಕಳು. ಗಂಡ ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು, ನಡೆದದ್ದನ್ನೆಲ್ಲ ಕೈಬಾಯಿ ತಿರುಗಿಸಿ ಹೇಳುವುದನ್ನು ನೋಡಿ ಅವಳಿಗೆ ಗಾಬರಿಯಾಗಬೇಕೋ ನಗಬೇಕೋ ತಿಳಿಯಲಿಲ್ಲ. ಬಚ್ಚಲಿನ ಕತೆಗೆ ಗಾಬರಿಯಾದಳು, ಆಮೇಲೆ ನಾಯಿಯ ಕತೆಯನ್ನು ಇನ್ನೊಮ್ಮೆ ಹೇಳಿಸಿಕೊಂಡು ಹೊಟ್ಟೆ ಹಿಡಿದು ನಕ್ಕಳು.

ಚಿಲಕವನ್ನು ಬಡಗಿ ಮರುದಿನವೇ ಬಾಗಿಲಿನ ತುದಿಗೆ ಎತ್ತಿ ಜಡಿದ. ಅಮಲ್ದಾರಮ್ಮನಿಗೆ ಎಟುಕದು, ಸರಿ, ಅಜ್ಜಿಗೂ ಎಟುಕದು. ಚಿಲಕವಿಲ್ಲದೆ ಸ್ನಾನ ಮಾಡುವುದು ಹೇಗೆ? ಒಳಗೆ ಯಾರೋ ಇದ್ದಾರೆಂದು ಗೊತ್ತಾಗಲು ಅಜ್ಜಿ ಹಾಡಲು ಶುರುಮಾಡಿದಳು. ಶ್ರುತಿಗೂ ಅವಳಿಗೂ ಯಾವ ಜನ್ಮದಲ್ಲೂ ಪರಿಚಯವಿರಲಿಲ್ಲ. ಆದರೆ ಗಂಟಲು ಗಟ್ಟಿ, ಪಕ್ಕದ ಮನೆಗೂ ಕೇಳುವಷ್ಟು. ವಾರ ಕಳೆಯುವಷ್ಟರಲ್ಲಿ ಬಡಗಿ ಬಂದು ಬಾಗಿಲಲ್ಲಿ ನಿಂತ.

"ಅಮ್ಮಾ, ನಿಮ್ಗೆ ಅಂತಾನೇ ಕೆಳಗೊಂದು ಬೇರೆ ಚಿಲಕ ಹಾಕ್ಕೊಡ್ತೀನಿ. ಮಗು ಕೈಗೆ ಸಿಗದ ಹಾಗೆ ಏನಾದ್ರೂ ಉಪಾಯ ಮಾಡ್ತೀನಿ. ಪುಣ್ಯ ಬರುತ್ತೆ, ಒಪ್ಕೊಳ್ಳಿ."

"ಯಾಕಪ್ಪ? ನಂಗೇನೂ ತೊಂದ್ರೆ ಇಲ್ವಲ್ಲ" ಎಂದಳು ಅಜ್ಜಿ, ಟವೆಲು ಹೆಗಲಿಗೆ ಹಾಕಿಕೊಳ್ಳುತ್ತ. ಇಷ್ಟು ವರ್ಷ ತನ್ನೊಳಗಿದ್ದ ಈ ವಿದ್ಯೆಯನ್ನು ಯಾರೂ ಕೇಳದೆ ಹೋದರಲ್ಲ ಎಂಬ ವ್ಯಥೆ ಅವಳಿಗೆ ಈಗೀಗ ಹತ್ತಿತ್ತು. ಅವಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಹೊರಗೆ ಮೊಮ್ಮಗಳು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹಾಡು ಶುರುವಾಗುವುದನ್ನೇ ಕಾಯುತ್ತ, ಬಡಗಿಗೂ ಪಕ್ಕದಲ್ಲಿ ಜಾಗ ಬಿಟ್ಟಳು.