ಬೋರಲು ಮಲಗಿದ ಕಾಕಾ ಮತ್ತು ದೆವ್ವದ ತನಿಖೆ

ಮೊನ್ನೆ ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ತಲೆ ಹಿಂದಕ್ಕೆ ಚೆಲ್ಲಿ ಕಣ್ಣಿಗೆ ಔಷಧಿ ಬಿಟ್ಟುಕೊಂಡರು. ಎರಡು ನಿಮಿಷದ ಮೇಲೆ ಮುಖ ಕಿವುಚಿ, "ಕಣ್ಣಿಗಿ ಹಾಕಿದ್ದು ಗಂಟಲದಾಗ ಕಹಿ ಹತ್ತಲಿಕತ್ತದ ನೋಡ್ರಿ" ಎಂದರು. ನನಗೆ ನಗು ಬಂತು. ನಾಲ್ಕು ವರ್ಷದ ಹಿಂದೆ ಇದೇ ದೂರನ್ನು ನನ್ನ ಕಾಕಾ ದಿನಕ್ಕೆ ಆರು ಸಲ ನೆಲಕ್ಕೆ ಹೇಳುತ್ತಿದ್ದ. ನೆಲಕ್ಕೆ ಯಾಕೆ ಅನ್ನುತ್ತೀರಾ? ಆಗ ಅವನ ಮುಖ ಇದ್ದದ್ದೇ ನೆಲದ ಕಡೆಗೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ, ಶರಣಪ್ಪ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೋರ್ಟಿನಲ್ಲಿ ಕಾರಕೂನನಾಗಿದ್ದು, ಜಡ್ಜ್ ಸಾಹೇಬರ ಕೆಳಗೆ ಕುಳಿತು ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವನು. ನಿವೃತ್ತಿಯಾದ ಮೇಲೆ ಶಹಾಬಾದದಲ್ಲಿ ಹೆಂಡತಿ, ಅಂದರೆ ನಮ್ಮ ಕಾಕುನ ಜೊತೆ ಆರಾಮಾಗಿದ್ದ. ಒಂದು ಬೇಸಿಗೆ ಅವನ ಬಲಗಣ್ಣಿನ ಹಿಂದಿನ ಪರದೆ ಹರಿಯಿತು. ಎಡಗಣ್ಣು ಮೊದಲೇ ಮಸುಕು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಕಣ್ಣಿನೊಳಗೆ ಗಾಳಿಯ ಗುಳ್ಳೆಯೊಂದನ್ನು ಇಟ್ಟು, ಅದು ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಹದಿನೈದು ದಿನ ಬೋರಲು ಮಲಗಬೇಕು, ಊಟ ಸ್ನಾನಕ್ಕೆ ಎದ್ದರೂ ತಲೆ ಬಗ್ಗಿಸಿಯೇ ಇರಬೇಕು ಎಂದು ಕಟ್ಟಪ್ಪಣೆ ಮಾಡಿದರು. ಕಾಕಾನ ಮಗಳು ಚಿಂಚೋಳಿಯಲ್ಲಿ ಹಸಿ ಬಾಣಂತಿ, ಬರುವಂತಿರಲಿಲ್ಲ. ನಾನು ಸೇಡಂನಲ್ಲಿ ಹೈಸ್ಕೂಲು ಟೀಚರ್, ಬೇಸಿಗೆ ರಜೆ ಇತ್ತು. ಚೀಲ ಹಿಡಿದು ಹೊರಟೆ.

ಮಂಚದ ಮೇಲೆ ಎರಡು ದಿಂಬು, ನಡುವೆ ಸಂದಿ, ಆ ಸಂದಿಯಲ್ಲಿ ಕಾಕಾನ ಹಣೆ. ಪೇಪರಿಲ್ಲ, ಟಿವಿ ಇಲ್ಲ. ನೋಡಲಿಕ್ಕೆ ಇದ್ದದ್ದು ಊರಿನದೇ ಪರಸಿ ಕಲ್ಲು ಹಾಸಿದ ನೆಲ, ಅದೂ ಮಸುಕು ಮಸುಕು. ಮಾತಾಡಿಸಲು ಬಂದವರು ಅವನ ಬೆನ್ನಿಗೆ ನಮಸ್ಕಾರ ಮಾಡಿ, ಬೆನ್ನಿಗೇ ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು. ಎರಡನೆಯ ದಿನಕ್ಕೇ ಕಾಕಾ ಗೊಣಗಿದ: "ಆ ಡಾಕ್ಟರನ್ನ ಒಂದು ತಾಸು ಹಿಂಗ ಮಲಗಿಸ್ರಿ. ಬುದ್ಧಿ ಬರ್ತದ."

ಇಲ್ಲಿ ನನ್ನದೊಂದು ಗುಟ್ಟು ಹೇಳಬೇಕು. ಸಾಲೆಯಲ್ಲಿ ಹಳಗನ್ನಡ ಪದ್ಯ ಬಿಡಿಸಿ ಹೇಳುವ ನಾನು ಮನೆಗೆ ಬಂದರೆ ಲ್ಯಾಪ್‌ಟಾಪಿನಲ್ಲಿ ಕೊಲೆಗಾರರನ್ನು ಹುಡುಕುವ ಆಟ ಆಡುತ್ತೇನೆ. ಇದು ಸಹೋದ್ಯೋಗಿಗಳಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೆ ನನ್ನ ಸಂಧಿ ಸಮಾಸಗಳ ಮರ್ಯಾದೆ ಹೋಗುತ್ತದೆಂಬ ಭಯ. ಆ ಬೇಸಿಗೆಯ ಆಟದಲ್ಲಿ ತನಿಖೆ ಮಾಡುವವಳು ಒಬ್ಬ ಮಹಿಳಾ ಇನ್ಸ್‌ಪೆಕ್ಟರು. ಒಂದೇ ತೊಂದರೆ, ಅವಳು ಸತ್ತಿದ್ದಾಳೆ. ಸಮುದ್ರದಂಡೆಯ ಊರಿನಲ್ಲಿ ಅವಳನ್ನೂ ಸೇರಿಸಿ ಮೂವರ ಕೊಲೆಯಾಗಿದೆ. ದೆವ್ವವಾದ ಅವಳು ಗೋಡೆ ದಾಟಬಲ್ಲಳು, ಜನರ ಪಕ್ಕ ನಿಂತರೆ ಅವರ ಮನಸ್ಸಿನ ಮಾತೂ ಕೇಳಬಲ್ಲಳು. ಆದರೆ ಅವಳ ದನಿ ಯಾರಿಗೂ ಕೇಳಿಸದು.

ಮೂರನೆಯ ದಿನ ಮಧ್ಯಾಹ್ನ ಕಾಕಾ ನಿದ್ದೆ ಹೋಗಿದ್ದಾನೆಂದು ಮೂಲೆಯಲ್ಲಿ ಆಟ ಹಚ್ಚಿದೆ. ಮಂಚದಿಂದ ಪ್ರಶ್ನೆ ಬಂತು.

"ಏನದು ನೀರಿನ ಸಪ್ಪಳ?"

ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ.

"ದೆವ್ವದ ಸಾಕ್ಷಿ ಕೋರ್ಟಿನಾಗ ನಡೆಯಂಗಿಲ್ಲ," ಎಂದ ಕಾಕಾ. ಹಣೆಯನ್ನು ಸಂದಿಯಲ್ಲಿ ಸರಿಮಾಡಿಕೊಂಡು, "ಇರಲಿ. ಹೆಣ ಎಲ್ಲಿ ಅದ?" ಎಂದ.

ಅಂದಿನಿಂದ ಮಧ್ಯಾಹ್ನವೆಲ್ಲ ನಮ್ಮ ಕೋರ್ಟು. ನಾನು ಆಡುವುದು, ಕಂಡದ್ದನ್ನು ಹೇಳುವುದು. ಅವನು ಬೋರಲು ಮಲಗಿ ಅಡ್ಡಸವಾಲು ಹಾಕುವುದು. "ದೋಣಿ ನಡಿಸೋನು ದುಃಖದಾಗ ಇದ್ದಾನ ಕಾಕಾ" ಅಂದರೆ ತಕ್ಷಣ ತಡೆಯುತ್ತಿದ್ದ. "ಅದು ನಿನ್ನ ಅಭಿಪ್ರಾಯ. ಕಂಡದ್ದು ಹೇಳು. ಕೈ ಎಲ್ಲಿ ಇಟ್ಟಾನ? ಯಾರ ಕಡಿ ನೋಡ್ಲಿಕತ್ತಾನ? ಕಿಡಕಿ ತೆರದದೋ ಮುಚ್ಚ್ಯದೋ?" ನಾನು ತಡವರಿಸಿ, "ತಡಿ ಕಾಕಾ, ನೋಡ್ತೀನಿ" ಎಂದು ಮತ್ತೆ ಪರದೆಗೆ ಮೂಗು ಹಚ್ಚುತ್ತಿದ್ದೆ. ಇಪ್ಪತ್ತು ವರ್ಷ ಇಂಥ ಆಟ ಆಡಿದ್ದೆ. ಕಿಟಕಿ ತೆರೆದಿದೆಯೋ ಇಲ್ಲವೋ ಎಂದು ನೋಡಲು ಕಲಿತದ್ದು ಆ ಮಂಚದ ಪಕ್ಕ.

ಕಾಕು ಅಡಿಗೆಮನೆಯಿಂದಲೇ ವಿಚಾರಣೆಗೆ ಹಾಜರಾಗುತ್ತಿದ್ದಳು. ರೊಟ್ಟಿ ಬಡಿಯುವುದು ನಡುವೆ ನಿಂತರೆ ಕಿವಿ ಇತ್ತ ಇದೆ ಎಂದು ಅರ್ಥ. ಅವಳ ಚಿಂತೆ ಕೊಲೆಗಾರನದಲ್ಲ. "ಆ ಪೊಲೀಸ ಹೆಣ್ಮಗಳು ಎಷ್ಟು ದಿನದಿಂದ ಉಪಾಸ ತಿರಗಲಿಕತ್ತಾಳ ನೋಡು. ಆಕಿ ಮನಿಯವರಿಗೆ ಗೊತ್ತದೋ ಇಲ್ಲೋ?" ಎನ್ನುತ್ತಿದ್ದಳು. ಕಾಕಾ ದಿಂಬಿನೊಳಗಿಂದಲೇ ಗದರುತ್ತಿದ್ದ: "ಅದು ಕೇಸಿಗೆ ಸಂಬಂಧ ಇಲ್ಲ!"

ಅನುಮಾನ ಇದ್ದದ್ದು ಮೂವರ ಮೇಲೆ: ದೋಣಿಯವನು, ಊರಿನ ಡಾಕ್ಟರು, ಸಾಲೆಯ ಹೆಡ್ ಮೇಡಂ. ಕಾಕಾ ಮೊದಲ ದಿನವೇ ಡಾಕ್ಟರನ್ನು ಹಿಡಿದಿದ್ದ. ಕಾರಣ ಕೇಳಿದರೆ ಸಾಕ್ಷ್ಯಗಳ ದೊಡ್ಡ ಪಟ್ಟಿ ಒಪ್ಪಿಸುತ್ತಿದ್ದ. ನಿಜವಾದ ಕಾರಣ ಕಲಬುರಗಿಯಲ್ಲಿದ್ದಾನೆಂದು ನನಗೂ ಕಾಕುಗೂ ಗೊತ್ತಿತ್ತು.

ಹತ್ತನೆಯ ದಿನ ಕಲಬುರಗಿಗೆ ಕಣ್ಣು ತೋರಿಸಲು ಹೋದೆವು. ಪರದೆ ಇನ್ನೂ ಪೂರಾ ಅಂಟಿಲ್ಲ, ಉಳಿದ ಐದು ದಿನ ಒಂದಿಷ್ಟೂ ಮೈಮರೆಯಬಾರದು, ಮರೆತರೆ ಕಣ್ಣಿನ ಆಸೆ ಬಿಡಬೇಕು ಎಂದರು ಡಾಕ್ಟರು. ಕಾಕಾ ಜೀಪಿನಲ್ಲಿ ತಲೆ ಬಗ್ಗಿಸಿಯೇ ಊರಿಗೆ ಬಂದ. ಮನೆಗೆ ಬಂದವನು ಊಟದ ತಾಟು ಸರಿಸಿದ.

"ಸಾಕಾತು. ಕಣ್ಣು ಹೋದ್ರ ಹೋಗಲಿ. ನಾ ಇವತ್ತ ಅಂಗಾತ ಮಲಗಾಂವ."

ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ ಮನೆಯಲ್ಲಿ ಅವಳು ಅತ್ತದ್ದನ್ನು ನಾನು ಮೊದಲು ಕೇಳಿದ್ದು ಅವತ್ತು. ನನಗೆ ಬೇರೇನೂ ತೋಚಲಿಲ್ಲ. "ಕಾಕಾ, ಆಟದಾಗಿನ ಡಾಕ್ಟರನ ಮನಿ ಇನ್ನ ನೋಡೇ ಇಲ್ಲಲ್ಲ?" ಎಂದೆ.

ಮಂಚ ಕಿರುಗುಟ್ಟಿತು. ಕಾಕಾ ಹಣೆಯನ್ನು ಸಂದಿಗೆ ಇಟ್ಟ. "ಒಳಗ ಹೋಗು," ಎಂದ.

ಲ್ಯಾಪ್‌ಟಾಪು ತೆರೆದೆ. ಅದು ಹತ್ತಲಿಲ್ಲ. ಬೆಳಿಗ್ಗೆ ನಾವಿಲ್ಲದಾಗ ಕರೆಂಟು ಹೋಗಿ ಬಂದು ಏನಾಗಿತ್ತೋ, ಗುಂಡಿ ಒತ್ತಿದೆ, ವೈರು ಬದಲಿಸಿದೆ. ಸತ್ತದ್ದು ಸತ್ತೇ ಇತ್ತು. ಆ ಹೊತ್ತಿನಲ್ಲಿ ಕಾಕಾನಿಗೆ ಅದನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಕಪ್ಪು ಪರದೆಯನ್ನು ತೊಡೆಯ ಮೇಲಿಟ್ಟುಕೊಂಡು, ಬರಿದೇ ಗುಂಡಿಗಳನ್ನು ಕುಟ್ಟುತ್ತ, "ಬಾಗಿಲ ದಾಟಿದ್ಲು ಕಾಕಾ" ಎಂದೆ.

"ನೀರಿನ ಸಪ್ಪಳ ಎಲ್ಲಿ?"

"ಸ್ಪೀಕರ್ ಹೋಗ್ಯದ."

ಹೀಗೆ ಐದು ದಿನ ಸುಳ್ಳು ಹೇಳಿದೆ. ಬೆಳಿಗ್ಗೆ ಬಟ್ಟೆ ಒಗೆಯುವಾಗ ಕತೆ ಕಟ್ಟುವುದು, ಮಧ್ಯಾಹ್ನ ಹೇಳುವುದು. ಡಾಕ್ಟರನ ಮನೆಗೆ ನೆಲಮಾಳಿಗೆ ಕೊಟ್ಟೆ, ದೋಣಿಯವನಿಗೆ ಒಬ್ಬ ತಂಗಿಯನ್ನು ಕೊಟ್ಟೆ. ಕಾಕಾ ಕೇಳುತ್ತಲೇ ಇದ್ದ, ನಾನು ಪಟಪಟ ಉತ್ತರಿಸುತ್ತಲೇ ಇದ್ದೆ. ಒಂದು ವಿಷಯ ಮಾತ್ರ ಮೊದಲೇ ನಿರ್ಧರಿಸಿದ್ದೆ: ಡಾಕ್ಟರನನ್ನು ನಿರಪರಾಧಿ ಮಾಡಬೇಕು. ಕಾಕಾ ಮತ್ತೆ ಕಲಬುರಗಿಯ ಡಾಕ್ಟರ ಮುಂದೆ ಹೋಗಿ ಕಣ್ಣು ತೆರೆಯಬೇಕಿತ್ತಲ್ಲ! ಹಾಗಾಗಿ ಕೊನೆಯ ದಿನ ಕೊಲೆಯನ್ನು ಹೆಡ್ ಮೇಡಂ ತಲೆಗೆ ಕಟ್ಟಿದೆ. ನನ್ನ ವೃತ್ತಿಗೆ ನಾನೇ ಮಾಡಿದ ದ್ರೋಹ ಅದು. ಕಾಕಾ ಎಲ್ಲ ಕೇಳಿ, "ಹೂಂ. ಡಾಕ್ಟರ ಪಾರಾದ" ಎಂದಷ್ಟೇ ಹೇಳಿದ.

ಕಣ್ಣಿನ ಪರದೆ ಅಂಟಿತು. ಬಲಗಣ್ಣಿಗೆ ಪೂರಾ ಅಲ್ಲದಿದ್ದರೂ ಪೇಪರು ಓದುವಷ್ಟು ನೋಟ ಬಂತು. ನಾನು ಸೇಡಂಗೆ ಮರಳಿ ಲ್ಯಾಪ್‌ಟಾಪು ರಿಪೇರಿ ಮಾಡಿಸಿದೆ. ನಿಂತಲ್ಲಿಂದ ಆಟ ಮುಂದುವರಿಸಿ ಕೊನೆ ಮುಟ್ಟಿಸಿದೆ. ಮೂವರನ್ನೂ ಕೊಂದವನು ಡಾಕ್ಟರೇ.

ಕಾಕಾ ಬರೀ ಕಿವಿಯಿಂದ, ಬೋರಲು ಮಲಗಿ, ಮೊದಲ ದಿನವೇ ಸರಿಯಾಗಿ ಹೇಳಿದ್ದ. ಅವನ ಗೆಲುವನ್ನು ನಾನು ಕದ್ದಿದ್ದೆ. ಎರಡು ವಾರ ಒಳಗೇ ಬೆಂದೆ. ಒಂದು ಭಾನುವಾರ ಶಹಾಬಾದಕ್ಕೆ ಹೋಗಿ, ಅವನು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವಾಗ ಎಲ್ಲ ಒಪ್ಪಿಕೊಂಡೆ.

ಕಾಕಾ ಕಪ್ಪು ಕೆಳಗಿಟ್ಟು ನಗಲಾರಂಭಿಸಿದ. ಡಾಕ್ಟರು ಕಣ್ಣೊರೆಸಬೇಡಿ ಎಂದಿದ್ದರೂ ಒರೆಸಿಕೊಂಡ.

"ಸುಳ್ಳ ಅಂತ ಮೊದಲನೇ ದಿನಾನೇ ಗೊತ್ತಾತು."

"ಹ್ಯಾಂಗ? ಸಪ್ಪಳ ಬರಲಿಲ್ಲಂತ?"

"ಸಪ್ಪಳಕ್ಕ ನೀ ಏನೋ ಹೇಳಿದಿ, ಬಿಡು. ಅಲ್ಲಿತನಕ ನಾ ಏನರ ಕೇಳಿದ್ರ 'ತಡಿ ಕಾಕಾ, ನೋಡ್ತೀನಿ' ಅಂತಿದ್ದಿ. ಆ ಐದು ದಿನ ಒಮ್ಮಿನೂ ಅನಲಿಲ್ಲ. ಕೇಳಿದ ಕೂಡಲೆ ಜವಾಬು. ಖರೇ ಸಾಕ್ಷಿ ತಡವರಸ್ತದ, ನೆನಪು ಮಾಡಕೋತದ. ಕಟ್ಟಿ ತಂದ ಸಾಕ್ಷಿಗಿ ತಡವರಸೋದು ಗೊತ್ತಿರಂಗಿಲ್ಲ. ಅಷ್ಟ ವರ್ಷ ಅದನ್ನೇ ಬರದೀನಿ ನಾ."

"ಮತ್ತ ಯಾಕ ಸುಮ್ಮಿದ್ದಿ?"

ಕಾಕಾ ಬೀದಿಯ ಕಡೆ ನೋಡಿದ. ಕಲ್ಲು ಕೊಯ್ಯುವ ಅಂಗಳದಿಂದ ಬೂದುಬಣ್ಣದ ಪರಸಿ ಹೇರಿದ ಟ್ರ್ಯಾಕ್ಟರೊಂದು ಹಾದುಹೋಯಿತು. "ಹೇಳಿದ್ರ ನೀ ನಿಲ್ಲಸ್ತಿದ್ದಿ. ನೀ ನಿಲ್ಲಿಸಿದ್ರ ನಾ ಅಂಗಾತ ಹೊರಳ್ತಿದ್ದೆ," ಎಂದ. ಆಮೇಲೆ ದನಿ ತಗ್ಗಿಸಿ, "ಕೋರ್ಟಿನಾಗ ಸುಳ್ಳ ಸಾಕ್ಷಿ ಭಾಳ ಟೈಪ ಮಾಡೀನಿ. ಎಲ್ಲಾ ಯಾರನ್ನರೆ ಕೆಡಸಲಿಕ್ಕೇ ಹೇಳಿದ್ವು. ನನಗ ಒಂದು ಕಣ್ಣ ಕೊಡಲಿಕ್ಕ ಹೇಳಿದ್ದು ಇದೊಂದೇ ನೋಡು."

ಒಳಗಿನಿಂದ ಕಾಕು ಕೇಳಿದಳು: "ಅಂದ್ರ ಆ ಪೊಲೀಸ ಹೆಣ್ಮಗಳಿಗೆ ಕಡೀಗಿ ಮುಕ್ತಿ ಸಿಕ್ಕಿತೋ ಇಲ್ಲೋ?" ಸಿಕ್ಕಿತು ಎಂದೆ. ಅದು ನಿಜವಾಗಿತ್ತು.

ಇದನ್ನೆಲ್ಲ ಇವತ್ತು ಬರೆಯುತ್ತಿರುವುದು ವಾಡಿ ಸ್ಟೇಷನ್ನಿನಲ್ಲಿ, ಮುಂದಿನ ಗಾಡಿಗೆ ಕಾಯುತ್ತ. ನಾಳೆ ಕಾಕಾನ ಎಡಗಣ್ಣಿನ ಪೊರೆ ತೆಗೆಯುತ್ತಾರೆ. ಸಣ್ಣ ಕೆಲಸ, ಬೋರಲು ಮಲಗುವುದೇನಿಲ್ಲ, ಒಂದು ದಿನದ ವಿಶ್ರಾಂತಿ ಸಾಕಂತೆ. ಆದರೆ ಕಾಕಾ ನಾಲ್ಕು ದಿನ ರಜೆ ಹಾಕಿ ಬಾ ಎಂದು ಫೋನು ಮಾಡಿದ್ದ. ಹೊಸ ಆಟ ಯಾವುದು ತರಲಿ ಎಂದು ಕೇಳಿದೆ.

"ಆಟ ಬ್ಯಾಡ. ಬರೇ ನೀ ಬಾ," ಎಂದ.

ಸೇಡಂ ಬಿಟ್ಟಾಗಿನಿಂದ ಯೋಚಿಸುತ್ತಿದ್ದೇನೆ. ಚಿತ್ತಾಪುರ ಬರುವಷ್ಟರಲ್ಲಿ ಚಿಂಚೋಳಿ ಕಾಡಿನಂಚಿನ ಒಂದು ಬಂಗಲೆಯಲ್ಲಿ ಹೆಣ ಬಿದ್ದಿತ್ತು. ವಾಡಿಯಲ್ಲಿ ಇಳಿಯುವಾಗ ದೆವ್ವಕ್ಕೆ ಒಂದು ಹೆಸರೂ ಸಿಕ್ಕಿತು. ಕೊಂದವರು ಯಾರು ಅಂತ ಮಾತ್ರ ನನಗಿನ್ನೂ ಗೊತ್ತಿಲ್ಲ. ಮೊದಲಾಗಿದ್ದರೆ ಗಾಬರಿಯಾಗುತ್ತಿತ್ತು. ಈಗ ಅನ್ನಿಸುತ್ತಿದೆ, ಗೊತ್ತಿಲ್ಲದೆಯೇ ಹೋಗುತ್ತೇನೆ. ಕಾಕಾ ಪ್ರಶ್ನೆ ಕೇಳಲಿ, ಇಬ್ಬರೂ ಕೂಡಿ ಹುಡುಕುತ್ತೇವೆ.