ಮಧ್ಯಾಹ್ನವಿಲ್ಲದ ಕತೆ

ಅತ್ತೆಯವರ ಮೇಲೆ ನಾನೊಂದು ಕತೆ ಬರೆದೆ. ಬರೆಯಬಾರದಿತ್ತು. ಇಷ್ಟು ವರ್ಷಗಳಾದ ಮೇಲೂ ಅದನ್ನು ನೆನೆದರೆ ನನ್ನ ಕೈಗೆ ನಾನೇ ಬರೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನಾಗಪುರದ ಲಕ್ಷ್ಮೀ ನಗರದಲ್ಲಿ ನಮ್ಮ ಬಾಡಿಗೆ ಮನೆ. ಗಂಡನಿಗೆ ತಿಂಗಳಲ್ಲಿ ಇಪ್ಪತ್ತು ದಿನ ಟೂರು. ಮನೆಯಲ್ಲಿ ನಾನು ಮತ್ತು ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ. ನನಗೆ ಸೀತಾಬರ್ಡಿಯ ಬ್ಯಾಂಕೊಂದರಲ್ಲಿ ಕೆಲಸ. ಊರಿನ ಕನ್ನಡದವರೆಲ್ಲ ಸೇರಿ ಒಂದು ಕೈಬರಹದ ಪತ್ರಿಕೆ ತರುತ್ತಿದ್ದೆವು. ಇರುತ್ತಿದ್ದದ್ದು ಒಂದೇ ಪ್ರತಿ. ಮನೆಗೆ ಎರಡು ದಿನದಂತೆ ಅದು ಸುತ್ತುತ್ತಿತ್ತು. ಓದಿದವರು ಅಭಿಪ್ರಾಯ ಬರೆಯಲೆಂದು ಕೊನೆಯಲ್ಲಿ ಖಾಲಿ ಹಾಳೆಗಳು. ಅದನ್ನು ನೋಡಿಕೊಳ್ಳುತ್ತಿದ್ದ ನಿವೃತ್ತ ಮೇಷ್ಟರೊಬ್ಬರು ನನಗೆ ಹೇಳಿದ್ದರು: "‘ಅವಳು’ ಅಂತ ಬರೀಬ್ಯಾಡ್ರಿ, ‘ನಾನು’ ಅಂತ ಬರೀರಿ. ಓದೋರು ತಾವಾಗೇ ನಿಮ್ಮ ಕಡೆ ಬರ್ತಾರ."

ಹಾಗೆಯೇ ಬರೆದೆ. ಬಿಸಿಲಲ್ಲಿ ಬೆಂದು ಬಸವಳಿದು ಆರು ಗಂಟೆಗೆ ಮನೆಗೆ ಬರುವ ಸೊಸೆ. ಕೂಲರಿನ ಮುಂದೆ ಕುರ್ಚಿ ಹಾಕಿಕೊಂಡು, ಕಾಲು ಚಾಚಿ, ಕಣ್ಣು ಮುಚ್ಚಿ ಕೂತ ಅತ್ತೆ. ‘ಬಾಗಿಲು ತೆರೆದರೆ ಎದುರಿಗೆ ಕೂಲರಿನ ಮಹಾರಾಣಿ’ ಎಂಬುದು ನನ್ನ ಮೊದಲ ಸಾಲು. ಅದರಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ, ದಿನಾ ನಾನು ಕಂಡದ್ದೇ ಅದು. ಹೆಸರು ಹಾಕಿರಲಿಲ್ಲ ನಿಜ. ಆದರೆ ಇಡೀ ಬಳಗದಲ್ಲಿ ಬ್ಯಾಂಕಿಗೆ ಹೋಗುವ ಸೊಸೆ ನಾನೊಬ್ಬಳೇ.

ಪತ್ರಿಕೆ ಮೊದಲ ಎರಡು ದಿನ ನಮ್ಮ ಮನೆಯಲ್ಲಿತ್ತು. ಅತ್ತೆ ಕನ್ನಡಕ ಏರಿಸಿ ಪೂರಾ ಓದಿದರು.

"ಛಲೋ ಬರದೀ," ಎಂದರು. ಕನ್ನಡಕ ತೆಗೆದು ಒರೆಸುತ್ತ, "ಆದ್ರ ಇದರಾಗ ಮಧ್ಯಾಹ್ನನ ಇಲ್ಲ ನೋಡವಾ."

"ಅತ್ತೀ, ಇದು ‘ನಾನು’ ಹೇಳೋ ಕತಿ. ನಾ ನೋಡದ್ದು ಇದರಾಗ ಬರಂಗಿಲ್ಲ," ಎಂದು ಪಾಠ ಒಪ್ಪಿಸಿದೆ. ಎಂಥ ಜಂಬ ನನ್ನದು.

"ಬರೋಬರ್ ಐತಿ ಬಿಡು," ಎಂದು ಅವರು ಒಳಗೆ ಹೋದರು.

ಪತ್ರಿಕೆ ಮನೆ ಮನೆ ಸುತ್ತಿತು. ನನಗೆ ಹೊಗಳಿಕೆಯೋ ಹೊಗಳಿಕೆ. ಆ ಊರಿನಲ್ಲಿ ಅತ್ತೆಗಿದ್ದ ಒಂದೇ ಒಂದು ಸಂತೋಷವೆಂದರೆ ಪ್ರತಾಪ ನಗರದ ಮನೆಯೊಂದರಲ್ಲಿ ನಡೆಯುತ್ತಿದ್ದ ಭಾನುವಾರದ ಭಜನೆ; ಬಾಯ್ತುಂಬ ಕನ್ನಡ ಆಡಲು ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಆ ಮನೆಯಾಕೆ ಬಾಗಿಲಲ್ಲೇ, "ಬರ್ರಿ ಮಹಾರಾಣಿಯವರ, ನಮ್ಮನ್ಯಾಗ ಬರೇ ಫ್ಯಾನ್ ಐತ್ರಿ, ನಡೀತೈತಿಲ್ರಿ?" ಎಂದರು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ನಾನೂ ನಕ್ಕೆ. ಮುಂದಿನ ಭಾನುವಾರ ಅತ್ತೆ ಮೊಣಕಾಲು ನೋವೆಂದರು. ಅದರ ಮುಂದಿನ ಭಾನುವಾರವೂ ಅದನ್ನೇ ಹೇಳಿದರು.

ಮೇ ತಿಂಗಳ ಒಂದು ದಿನ ತಲೆನೋವೆಂದು ಎರಡು ಗಂಟೆಗೇ ಮನೆಗೆ ಬಂದೆ. ಕಿಟಕಿಗೆ ಕೂರಿಸಿದ ಕೂಲರಿನ ಫ್ಯಾನು ತಿರುಗುತ್ತಿತ್ತು, ಪರದೆಗೆ ನೀರು ಹಾಯಿಸುವ ಪಂಪು ಮಾತ್ರ ನಿಂತಿತ್ತು. ಕಿಟಕಿಯ ಹೊರಗೆ, ಸುಡುವ ಬಿಸಿಲಿನಲ್ಲಿ, ಅತ್ತೆ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ತಂಬಿಗೆ ತಂಬಿಗೆ ನೀರನ್ನು ಕೂಲರಿನ ಲಾವಂಚದ ಪರದೆಗೆ ಎರಚುತ್ತಿದ್ದರು.

"ಏನ್ ಮಾಡಾಕತ್ತೀರಿ ಅತ್ತೀ?"

"ಬಿಸಲಿಗೆ ಪಂಪ್ ಕಾದು ದಿನಾ ನಿಂದರತೈತಿ. ಐದಕ್ಕ ತಾನ ಚಾಲೂ ಆಗತೈತಿ. ಅಲ್ಲೀತನಕ ಹಿಂಗ ನೀರ ಹಾಕಲಿಲ್ಲಂದ್ರ ಮನಿ ಭಟ್ಟಿ ಆಗತೈತಿ. ನೀ ಬರೂದ್ರಾಗ ತಣ್ಣಗ ಆಗಬೇಕಲಾ?"

ಐದಕ್ಕೆ ಅವರು ಕೂತು ಕಣ್ಣು ಮುಚ್ಚುತ್ತಿದ್ದರು. ನನ್ನ ಕತೆ ಆರಕ್ಕೆ ಶುರುವಾಗುತ್ತಿತ್ತು. ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಇದನ್ನೂ ಬರೆದು ಸೇರಿಸಬೇಕು, ನಕ್ಕವರೆಲ್ಲ ಓದಬೇಕು ಎಂದು ಮರುದಿನವೇ ಪತ್ರಿಕೆ ಹುಡುಕಿಕೊಂಡು ಹೊರಟೆ. ಅದು ಅಷ್ಟರಲ್ಲಿ ಊರಾಚೆಯ ಕಾಮ್ಟಿಯ ದಂಡಿನಲ್ಲಿದ್ದ ಸೈನಿಕರೊಬ್ಬರ ಮನೆ ಸೇರಿತ್ತು. ಬಸ್ಸು ಹಿಡಿದು ಹೋಗಿ ಕೇಳಿ ತೆಗೆದುಕೊಂಡೆ.

ವಾಪಸು ಬರುವ ಬಸ್ಸಿನಲ್ಲೇ ಪೆನ್ನು ತೆಗೆದೆ. ಈ ಸಲ ಅತ್ತೆಯೇ ‘ನಾನು’. ‘ಮಧ್ಯಾಹ್ನ ಎರಡು ಗಂಟೆ. ನಾನು ತಂಬಿಗೆ ಎತ್ತಿಕೊಂಡೆ’ ಎಂದು ಬರೆದೆ. ಮುಂದಕ್ಕೆ ಹೋಗಲಾಗಲಿಲ್ಲ. ಆಗ ಅವರಿಗೆ ಏನನ್ನಿಸುತ್ತಿತ್ತು? ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ನನಗೆ ಗೊತ್ತಿರಲಿಲ್ಲ. ಅವರು ನನ್ನನ್ನೇ ಬೈದುಕೊಂಡಿರಬೇಕು ಎಂದುಕೊಳ್ಳುತ್ತ ಅಭಿಪ್ರಾಯದ ಹಾಳೆ ತಿರುಗಿಸಿದೆ. ಎಲ್ಲಕ್ಕಿಂತ ಮೇಲೆ, ಹೆಸರಿಲ್ಲದೆ, ಪೆನ್ಸಿಲ್ಲಿನಲ್ಲಿ ನಾಲ್ಕು ಸಾಲು. ನಮ್ಮ ಉಪ್ಪಿನಕಾಯಿ ಭರಣಿಗಳ ಚೀಟಿಯ ಮೇಲಿರುವ ಅದೇ ದುಂಡು ಅಕ್ಷರ.

"ಅತ್ತೀದು ಬಿಡ್ರಿ. ಆ ಸೊಸಿ ಸಂಕಟ ಓದಿ ಕರುಳು ಚುರ್ ಅಂತು. ದಿನಾ ಎಷ್ಟು ದಣದು ಬರತಾಳ ಪಾಪ. ಬಂದ ಕೂಡಲೆ ಯಾರರ ಆಕಿಗೆ ಒಂದು ಕಪ್ ಚಾ ಕೊಡಬೇಕಿತ್ತು."

ಆಗ ನೆನಪಾಯಿತು. ಪತ್ರಿಕೆ ನಮ್ಮ ಮನೆ ಬಿಟ್ಟ ದಿನದಿಂದ, ಆರು ಗಂಟೆಗೆ ನಾನು ಬಾಗಿಲು ತೆರೆದರೆ ಮೇಜಿನ ಮೇಲೆ ಬಿಸಿ ಚಹಾ ಇರುತ್ತಿತ್ತು. ಕುಡಿದು ಕಪ್ಪು ಅಲ್ಲೇ ಇಟ್ಟು ಒಳಗೆ ಹೋಗುತ್ತಿದ್ದೆ.