ಹೆಬ್ಬಾವಿನ ಬಸ್ಸಿನಲ್ಲಿ ಹಲ್ಲುಜ್ಜಿಸುವ ಉಗುಳಜ್ಜ

"ರೀ, ಉಸಿರು ಕಟ್ಟೀತು. ಮೂಗಾದ್ರೂ ಹೊರಗಿಡಿ."

ಹೇಳುತ್ತಿರುವುದು ಅಜ್ಜಿ. ಹೇಳಿಸಿಕೊಳ್ಳುತ್ತಿರುವುದು ಮಂಚದ ಮೇಲೆ ಗುಡ್ಡೆಯಾಗಿ ಕೂತಿರುವ ದಪ್ಪ ರಜಾಯಿ. ಅದರೊಳಗಿಂದ ಒಂದು ಕೈ ಹೊರಬಂದು 'ಸ್ವಲ್ಪ ಸುಮ್ಮನಿರೇ' ಎಂದು ಸನ್ನೆ ಮಾಡಿ ಮತ್ತೆ ಒಳಸೇರುತ್ತದೆ. ಬೆಳಕು ಇನ್ನೂ ಹರಿದಿಲ್ಲ. ಫ್ಯಾನಿನ ಸದ್ದು, ನೀರಿನ ಮೋಟಾರು, ಅಜ್ಜಿಯ ಪಾತ್ರೆಪಗಡ ಯಾವುದೂ ರೆಕಾರ್ಡ್ ಆಗಬಾರದೆಂದು ರಜಾಯಿ ಹೊದ್ದು, ಮೊಬೈಲನ್ನು ಗಲ್ಲಕ್ಕೆ ಹಿಡಿದು ಅಜ್ಜ ಶುರುಮಾಡುತ್ತಾರೆ. "ಬ್ರಷ್ ಕೈಯಲ್ಲಿದೆಯಾ? ಪೇಸ್ಟ್ ಬಟಾಣಿಯಷ್ಟು ಸಾಕು, ಕೇಕ್ ಮೇಲಿನ ಕ್ರೀಮ್ ಥರ ಬೇಡ. ಹೆಬ್ಬಾವು ಡ್ರೈವರ್ ಬಸ್ ಸ್ಟಾರ್ಟ್ ಮಾಡ್ತು. ಮೊದ್ಲು ಮೇಲಿನ ಬೀದಿ. ನಿಧಾನ, ನಿಧಾನ..."

ಸರಿಯಾಗಿ ಎರಡು ನಿಮಿಷ. ಹಲ್ಲುಜ್ಜಲು ಮಕ್ಕಳಿಗೆ ಎಷ್ಟು ಹೊತ್ತು ಬೇಕೋ ಅಷ್ಟೇ ಉದ್ದದ ಕಥೆ. ಬಸ್ಸು ಮೇಲಿನ ಬೀದಿ, ಕೆಳಗಿನ ಬೀದಿ, ಒಳಗಿನ ಗಲ್ಲಿ ಎಲ್ಲ ಸುತ್ತಿ ಹಿಂದಿನ ದವಡೆ ಹಲ್ಲಿನ ಹತ್ತಿರ ಬಂದು ನಿಂತಾಗ "ಈಗ ಉಗುಳಿ ಮಕ್ಕಳೇ" ಎನ್ನುತ್ತಾರೆ. ಬೆವರಿ, ತಲೆಗೂದಲು ನೆಟ್ಟಗಾಗಿ ಹೊರಬರುತ್ತಾರೆ. ಬೆರಳೊತ್ತಿದ ಕೂಡಲೇ ಕಥೆ ಸುಮಾರು ಆರುನೂರು ಮನೆಗಳ ಮೊಬೈಲಿಗೆ ಹೋಗುತ್ತದೆ. ಆಮೇಲೆ ಅವರು ಕೆಲಸಕ್ಕೆ ಹೊರಡುತ್ತಾರೆ.

ಕೆಲಸ ಮಕ್ಕಳ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸಹಾಯಕನದು. ಉಪಕರಣ ತೊಳೆದು ಕುದಿಸುವುದು, ನೆಲ ಒರೆಸುವುದು, ಡಾಕ್ಟರಮ್ಮನ ಪಕ್ಕದಲ್ಲಿ ಟ್ರೇ ಹಿಡಿದು ನಿಲ್ಲುವುದು. ಕಥೆ ಹೇಳಿ ಎಂದು ಯಾರೂ ಅವರನ್ನು ನೇಮಿಸಿಕೊಂಡವರಲ್ಲ. ಒಳಗೆ ಡ್ರಿಲ್ಲು 'ಜುಯ್' ಎಂದರೆ ಹೊರಗೆ ಬೆಂಚಿನ ಮೇಲಿದ್ದ ಮಕ್ಕಳು ಒಟ್ಟಿಗೇ ರಾಗ ತೆಗೆಯುತ್ತಿದ್ದವು. ಆ ಸದ್ದು ಕಿವಿಗೆ ಬೀಳದಿರಲೆಂದು ಹುಟ್ಟಿದ್ದು ಸ್ಟೀರಿಂಗ್ ತಿರುಗಿಸಲು ಕೈಯೇ ಇಲ್ಲದ ಆ ಹೆಬ್ಬಾವು ಡ್ರೈವರ್. "ಅಜ್ಜ, ಇದನ್ನೇ ಫೋನಲ್ಲಿ ಹೇಳಿ ಕಳ್ಸಿ, ಇವನು ಬ್ರಷ್ ಮುಟ್ಟಲ್ಲ" ಎಂದು ಒಬ್ಬ ತಾಯಿ ಕೇಳಿದರು. ಆಕೆ ತಂಗಿಗೆ ಕಳಿಸಿದರು, ತಂಗಿ ಇಡೀ ಬೀದಿಗೆ ಹಂಚಿದಳು.

"ವಿಡಿಯೋ ಮಾಡಿ ಅಂತಾರೆ. ಬೇಡಪ್ಪ. ಕಣ್ಣು ಫೋನಿಗೆ ಅಂಟಿಕೊಂಡ್ರೆ ಕೈ ನಿಂತೋಗತ್ತೆ. ಫೋನು ಬೋರಲು ಮಲಗಿರ್ಲಿ, ಮಗು ಕನ್ನಡಿ ನೋಡ್ಲಿ" ಎನ್ನುತ್ತಾರೆ ಅಜ್ಜ.

ಒಂದು ದಿನ ಕಥೆಯ ಗುಂಗಿನಲ್ಲಿ ಕೊನೆಯ ಮಾತನ್ನೇ ಮರೆತುಬಿಟ್ಟರು. ಬೆಳಗ್ಗೆಯೇ ಫೋನು ಹೊಡೆದುಕೊಳ್ಳತೊಡಗಿತು. "ಅಜ್ಜ, ಬಾಯ್ತುಂಬ ನೊರೆ ಇಟ್ಕೊಂಡು ನಿಂತಿದ್ದಾನೆ. ನಾನು ಹೇಳಿದ್ರೆ ಕೇಳ್ತಿಲ್ಲ, ಸ್ಕೂಲ್ ವ್ಯಾನ್ ಬಂದು ಹಾರ್ನ್ ಹೊಡೀತಿದೆ. ನೀವೇ ಒಂದು ಮಾತು ಹೇಳ್ಬಿಡಿ." ಮಗುವಿನ ಕಿವಿಗೆ ಫೋನು ಹಿಡಿಸಿ "ಉಗುಳಪ್ಪಾ" ಎಂದರು. ಆ ದಿನ ಹಾಗೆ ಎಷ್ಟು ಮನೆಗೆ ಹೇಳಿದರೋ ಲೆಕ್ಕವಿಲ್ಲ. ಉಗುಳಜ್ಜ ಎಂಬ ಹೆಸರು ಅಂದಿನಿಂದ ಅಂಟಿಕೊಂಡಿದೆ.

ಇಷ್ಟೆಲ್ಲ ಏಕೆ ಎಂದರೆ ತಮ್ಮ ಬಾಯಿ ತೋರಿಸಿ ನಗುತ್ತಾರೆ. ಚಿಕ್ಕಂದಿನಲ್ಲಿ ಹಲ್ಲುನೋವಿಗೆ ದವಡೆಗೆ ಬಟ್ಟೆ ಬಿಗಿದು ಮಲಗಿಸುತ್ತಿದ್ದರಂತೆ, ಔಷಧ ಅಷ್ಟೇ. ತಲೆ ನರೆಯುವ ಮೊದಲೇ ಹಲ್ಲುಗಳು ಒಂದೊಂದಾಗಿ ಕೈಕೊಟ್ಟವು. "ಈಗಿರೋದೆಲ್ಲ ಡಾಕ್ಟರಮ್ಮ ಕಟ್ಟಿಕೊಟ್ಟಿದ್ದು. ಮಾತಿಗೆ ಪರವಾಗಿಲ್ಲ, ಗಟ್ಟಿ ಪದಾರ್ಥ ಕಂಡ್ರೆ ಹೆದರತ್ತೆ."

ಇಂಥ ಅಜ್ಜನ ಮನೆಯಲ್ಲೇ ಒಂದು ಬಾಯಿ ಮಾತ್ರ ಅವರ ಕಥೆಗೆ ಬಗ್ಗಿರಲಿಲ್ಲ. ಮಗಳ ಮಗಳು, ಆರು ವರ್ಷದ ಚೂಟಿಯದು. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಬ್ರಷ್ ಬಿಸಾಕಿ ಓಡುತ್ತಿದ್ದಳು. ಎರಡು ಹಾಲುಹಲ್ಲು ಹುಳುಕಾಗಿ ಕೀಳಿಸಬೇಕಾಯಿತು. "ಆವತ್ತು ಟ್ರೇ ಹಿಡಿದಿದ್ದು ನಾನೇ" ಎನ್ನುವಾಗ ಅಜ್ಜನ ನಗು ಸ್ವಲ್ಪ ಇಳಿಯುತ್ತದೆ. ಹಿಂದೆಯೇ ಹೊಸ ದವಡೆ ಹಲ್ಲು ಬಂದಿತ್ತು. ಅದರ ಮೇಲೂ ಸುಣ್ಣದಂಥ ಬಿಳಿ ಮಬ್ಬು. "ಅಜ್ಜ, ಇದು ಹಾಲುಹಲ್ಲಲ್ಲ, ಹೋದ್ರೆ ಇನ್ನೊಂದು ಬರಲ್ಲ. ಚೆನ್ನಾಗಿ ಉಜ್ಜಿದ್ರೆ ಇಷ್ಟಕ್ಕೇ ನಿಲ್ಲಬಹುದು. ಕೆಲವು ತಿಂಗಳು ನೋಡೋಣ, ಇಲ್ಲಾಂದ್ರೆ ಕೊರೀಬೇಕು" ಎಂದರು ಡಾಕ್ಟರಮ್ಮ.

"ಆರುನೂರು ಮನೇಲಿ ಉಗುಳಿಸ್ತೀರಿ, ನಮ್ಮನೆ ಆರುನೂರಾ ಒಂದನೇದು, ಲೆಕ್ಕಕ್ಕೇ ಇಲ್ಲ, ಅಲ್ವಾ?" ಎಂದು ಅಜ್ಜಿ ಕುಟುಕಿದರು. ಗದರಿ ನೋಡಿದ್ದಾಯಿತು, ಮುದ್ದಿಸಿ ನೋಡಿದ್ದಾಯಿತು. ಅಳಿಯ ಮೊಬೈಲಿಗೆ ಒಂದು ಆಟ ಹಾಕಿಕೊಟ್ಟ. ಉಜ್ಜಿದೆ ಎಂದು ಒತ್ತಿದರೆ ನಕ್ಷತ್ರ ಬೀಳುತ್ತದೆ. ಚೂಟಿ ಸೋಫಾ ಮೇಲೆ ಕಾಲು ಚಾಚಿ, ಒಣ ಬ್ರಷ್ ಪಕ್ಕಕ್ಕಿಟ್ಟು, ಆಕಾಶದಷ್ಟು ನಕ್ಷತ್ರ ಬಾಚಿಕೊಂಡಳು.

ಕೊನೆಗೊಂದು ಬೆಳಗ್ಗೆ ಅಜ್ಜ ಪಕ್ಕದಲ್ಲಿ ಕೂತು ಕೇಳಿದರು. "ಯಾಕೆ ಚೂಟಿ, ನನ್ನ ಕಥೆ ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಕಾಗೆ ಛತ್ರಿ ಬಸ್ಸಿನ ಹಿಂದಿನ ಸೀಟಲ್ಲಿ ಸಿಗತ್ತೆ, ನಂಗೆ ಗೊತ್ತಲ್ಲ."

ಕಾಗೆಯ ಕಳೆದುಹೋದ ಛತ್ರಿ ಸಿಗುವುದು ಆ ದಿನದ ಕಥೆಯ ತುದಿಯಲ್ಲಿ. ಅವಳು ಅಷ್ಟು ದೂರ ಕೇಳಿಯೇ ಇಲ್ಲ ಎಂದುಕೊಂಡಿದ್ದರು ಅಜ್ಜ.

"ನಿಂಗ್ಯಾರು ಹೇಳಿದ್ರು?"

"ನೀನೇ. ರಜಾಯಿ ಒಳಗಿಂದ. ದಿನಾ ಗೋಡೆಗೆ ಕಿವಿ ಇಟ್ಕೊಂಡು ಮಲಗಿರ್ತೀನಿ."

ಹೊರಗಿನ ಸದ್ದು ಒಳಗೆ ಬರದಂತೆ ಇಷ್ಟು ಕಾಲ ಹೆಣಗಿದ ಅಜ್ಜನಿಗೆ, ತಮ್ಮ ದನಿ ಪಕ್ಕದ ಕೋಣೆಗೆ ಹೋಗುತ್ತದೆ ಎಂಬುದೇ ಹೊಳೆದಿರಲಿಲ್ಲ. ಅಜ್ಜಿ ನಕ್ಕು ನಕ್ಕು ನೆಲಕ್ಕೇ ಕೂತರು. "ಇವರ ಬಾಯಲ್ಲಿ ಗುಟ್ಟು ಅನ್ನೋದು ಮದುವೆಯಾದಾಗಿಂದ ಒಂದ್ಸಲಾನೂ ನಿಂತಿಲ್ಲ."

"ನಾಳೆಯಿಂದ ಮೆಟ್ಟಿಲ ಮೇಲೆ ಕೂತು ಹೇಳ್ತೀನಿ" ಎಂದರು ಅಜ್ಜ. ಚೂಟಿಯ ಮುಖ ಬಾಡಿತು. "ಆಗ ನಂಗೆ ಎಲ್ರಿಗಿಂತ ಮೊದ್ಲು ಕೇಳ್ಸಲ್ಲ."

ಆ ಮಾತೇ ದಾರಿ ತೋರಿಸಿತು. ಈಗ ರೆಕಾರ್ಡಿಂಗು ಬಚ್ಚಲಿನಲ್ಲಿ. ರಜಾಯಿ ಬಾಗಿಲಿಗೆ ಪರದೆಯಾಗಿದೆ ("ಅದನ್ನ ಒಗೆಯೋರು ಯಾರು?" ಎಂಬುದು ಅಜ್ಜಿಯ ದಿನದ ಪ್ರಶ್ನೆ). ಚೂಟಿ ಸ್ಟೂಲ್ ಮೇಲೆ ನಿಂತು ಉಜ್ಜುತ್ತಾಳೆ, ಅಜ್ಜ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳುತ್ತಾರೆ. ಬ್ರಷ್ ನಿಂತರೆ ಕಥೆಯೂ ನಿಲ್ಲುತ್ತದೆ. ಎಲ್ಲರಿಗಿಂತ ಮೊದಲು ಕೇಳಬೇಕಾದರೆ ಎಲ್ಲರಿಗಿಂತ ಮೊದಲು ಉಜ್ಜಬೇಕು. ಕಥೆಯ ಹಿಂದೆ 'ಸರ್ ಸರ್' ಎಂಬ ಸದ್ದು ಏನೆಂದು ತಾಯಂದಿರು ತಲೆ ಕೆಡಿಸಿಕೊಂಡರು. ಅದು ಬಸ್ಸಿನ ವೈಪರ್ ಎಂದು ಮಕ್ಕಳೇ ತೀರ್ಮಾನಿಸಿಬಿಟ್ಟಿದ್ದಾರೆ.

ಡಾಕ್ಟರಮ್ಮ ಹೇಳಿದ ದಿನ ಬಂದಿದೆ. ಚೂಟಿ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದಾಳೆ. ಅಜ್ಜ ಇವತ್ತು ಟ್ರೇ ಹಿಡಿದಿಲ್ಲ. ಬಾಗಿಲಿಗೆ ಆತು ನಿಂತಿದ್ದಾರೆ. ಡಾಕ್ಟರಮ್ಮ ದೀಪ ಕೆಳಗೆಳೆದು, ಪುಟ್ಟ ಕನ್ನಡಿ ಹಿಡಿದು, ಬಹಳ ಹೊತ್ತು ನೋಡುತ್ತಾರೆ.

"ಮಬ್ಬು ಇದ್ದಲ್ಲೇ ಇದೆ, ಮುಂದೆ ಹೋಗಿಲ್ಲ. ಗಟ್ಟಿಯಾಗಿದೆ ಹಲ್ಲು. ಕೊರೆಯೋದು ಬೇಡ, ಹೀಗೇ ಉಜ್ಜಿಸ್ತಾ ಇರಿ" ಎಂದು ಕೈಗವಸು ಕಳಚಿ, "ಇನ್ನೇನು ಬೇಕಜ್ಜ ನಿಮಗೆ?" ಎನ್ನುತ್ತಾರೆ.

ಅಜ್ಜ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಇನ್ನೇನಿಲ್ಲ ಮೇಡಂ. ಈ ಮಕ್ಕಳು ನನ್ನ ವಯಸ್ಸಿಗೆ ಬಂದಾಗ ಏನೇ ಸಿಕ್ರೂ ತಮ್ಮ ಹಲ್ಲಲ್ಲೇ ಕಟುಂ ಅಂತ ಕಡಿದು ತಿನ್ಲಿ. ಆ ಸದ್ದು ಕೇಳೋಕೆ ನಾನಿರಲ್ಲ, ಪರವಾಗಿಲ್ಲ."

ಚೂಟಿ ಕುರ್ಚಿಯಿಂದ ಜಾರಿ ಇಳಿಯುತ್ತಾಳೆ. ಅಜ್ಜನ ಕೈ ಹಿಡಿದೆಳೆದು ಅದೇ ಕುರ್ಚಿಯಲ್ಲಿ ಕೂರಿಸಿ, "ಆ ಮಾಡು" ಎನ್ನುತ್ತಾಳೆ. ಡಾಕ್ಟರಮ್ಮ ತೊಳೆದಿಟ್ಟ ಇನ್ನೊಂದು ಕನ್ನಡಿ ತೆಗೆದು ಅವಳ ಕೈಗಿಟ್ಟು, ದೀಪವನ್ನು ಅಜ್ಜನ ಕಡೆಗೆ ತಿರುಗಿಸುತ್ತಾರೆ.